ಎಡ ರೆಕ್ಕೆ ಕತ್ತರಿಸಿದ ಮೀನುಗಳು

ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ. ನಾನು ಮೀನನ್ನು ಮಗುಚಿ ಹಾಕಿ, ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳಲ್ಲಿ ಎಡಗಡೆಯದು ಇದೆಯೋ ಇಲ್ಲವೋ ಎಂದು ನೋಡುತ್ತೇನೆ. ಹೋದ ತಿಂಗಳು ಜಾಂಬೋಟಿಯ ಬಸ್ ನಿಲ್ದಾಣದ ಹತ್ತಿರ ತಂಗಿಯ ಮಗ ಚಹಾ ಕುಡಿಯಲು ಗಾಡಿ ನಿಲ್ಲಿಸಿದಾಗಲೂ ಹಾಗೇ ಆಯಿತು. ರಸ್ತೆ ಬದಿಗೆ ಒಬ್ಬ ಹೆಂಗಸು ಬುಟ್ಟಿಯಲ್ಲಿ ಕೆರೆ ಮೀನು ಇಟ್ಟುಕೊಂಡು ಕುಳಿತಿದ್ದಳು. ಕೆಸರು, ಲೋಳೆ, ಕೊಳೆತ ಎಲೆ ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಬುಟ್ಟಿಗೆ ಹೋಯಿತು. ಒಂದೊಂದಾಗಿ ಮೂರು ಮೀನು ಮಗುಚಿದೆ.

"ಏನ ಹುಡಕಾಕತ್ತೀರಿ ಅಜ್ಜಾರ? ತಗೊಳ್ಳೂದಿದ್ರ ತಗೋರಿ, ಸುಮ್ಮ ಹಿಚಕಬ್ಯಾಡ್ರಿ," ಎಂದಳು ಅವಳು.

ತಂಗಿಯ ಮಗನಿಗೆ ನಗು. "ಮಾಮಾ, ಯಾವಾಗಿಂದ ಮೀನ ತಿನ್ನಾಕ ಸುರು ಮಾಡೀರಿ? ಅವ್ವಗ ಹೇಳ್ಲೇನು?"

ತಿನ್ನುವ ಮಾತು ದೂರ ಉಳಿಯಿತು. ಬೆಳಗಾವಿಯ ಹಿಂದವಾಡಿಯ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಮೀನಿನ ಇಲಾಖೆಯಲ್ಲಿ ಮುಪ್ಪಾಗುವ ತನಕ ನೌಕರಿ ಮಾಡಿದವನು ನಾನು. ಒಂದು ತುಣುಕು ಮೀನನ್ನೂ ನಾಲಿಗೆಯ ಮೇಲೆ ಇಟ್ಟವನಲ್ಲ. ಗೆಳೆಯರು ಇದಕ್ಕೆ ಬೇಕಾದಷ್ಟು ನಕ್ಕಿದ್ದಾರೆ, ಅವರ ಜೊತೆ ನಾನೂ ನಕ್ಕಿದ್ದೇನೆ. ಆ ದಿನ ಮಾತ್ರ ನಗು ಬರಲಿಲ್ಲ. ಎರಡು ಸಲ ಕೈ ತೊಳೆದರೂ ವಾಸನೆ ಹೋಗಲಿಲ್ಲ. ಘಟ್ಟ ಇಳಿದು ಗೋವಾ ಸೇರುವವರೆಗೆ ಕೈ ಮೂಸಿ ಮೂಸಿ ನೋಡಿಕೊಂಡೆ. ತಲೆಯಲ್ಲಿ ಇದ್ದದ್ದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಮತ್ತು ಗಣಪತ್ ಭೋಯಿ ಎಂಬ ಒಬ್ಬ ಮೀನುಗಾರ.

ನನಗೆ ಆಗ ಇಪ್ಪತ್ತೈದು ವರ್ಷ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದವನಿಗೆ ಈ ನೌಕರಿ ಸಿಕ್ಕಿತು, ಖಾನಾಪುರಕ್ಕೆ ಹಾಕಿದರು. ಅಪ್ಪನದು ರವಿವಾರ ಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಮಗನಿಗೆ ಸಿಕ್ಕದ್ದು ಮೀನಿನ ಇಲಾಖೆ ಎಂದು ಕೇಳಿ ಅವರು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. ಆಮೇಲೆ, "ಮೀನ ಎಣಿಸೂದೂ ಕಾಯಕನ. ಮನಸ್ಸಿಟ್ಟ ಮಾಡು," ಎಂದರು. ಅವ್ವ ಮಾತ್ರ ಬಾಗಿಲವರೆಗೆ ಬಂದು, "ಅವರ ಮನ್ಯಾಗ ನೀರ ಸೈತ ಕುಡೀಬ್ಯಾಡಪಾ," ಎಂದು ಕಣ್ಣು ಒರೆಸಿಕೊಂಡಳು. ನಾನು ಇಬ್ಬರ ಮಾತಿನಲ್ಲಿ ಅವ್ವನ ಮಾತನ್ನೇ ಚಾಚೂ ತಪ್ಪದೆ ಪಾಲಿಸಿದೆ.

ಜಾಂಬೋಟಿಯಲ್ಲಿ ಬಸ್ಸಿಳಿದು ಕಾಡಿನೊಳಗೆ ಎರಡು ಮೈಲಿ ನಡೆದರೆ ಮೂವತ್ತು ಮನೆಗಳ ಒಂದು ಊರು. ಊರಾಚೆಗೆ ಒಂದು ಸಣ್ಣ ಕೆರೆ. ಮೂರು ಕಡೆ ಕಾಡು, ಒಂದು ಕಡೆ ಮಣ್ಣಿನ ಏರಿ, ಏರಿಯ ಕೆಳಗೆ ಭತ್ತದ ಗದ್ದೆ. ಏರಿಯ ಎದುರು ದಂಡೆಯಲ್ಲಿ ಒಂದು ಕರಿ ಬಂಡೆ ಇತ್ತು. ಅದರ ಬುಡಕ್ಕೆ ನೀರು ಒಮ್ಮೆಲೇ ಆಳವಾಗಿ ಮಡುವಾಗಿತ್ತು. ಕೆರೆ ಕಟ್ಟುವಾಗ ಕಡಿಯದೆ ಬಿಟ್ಟ ಮರಗಳು ಅದರೊಳಗೆ ಮುಳುಗಿ ನಿಂತಿದ್ದವು. ಅಲ್ಲಿಗೆ ಯಾರೂ ಬಲೆ ಬೀಸುತ್ತಿರಲಿಲ್ಲ.

ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಮಳೆಗಾಲದಲ್ಲಿ ಏರಿ ಕಾಯುವುದು ಗಣಪತ್ ಭೋಯಿಯ ಕೆಲಸ. ಅದಕ್ಕೆ ಬದಲಾಗಿ ಕೆರೆಯ ಮೀನು ಅವರದು. ಇದು ಅವರ ಅಜ್ಜನ ಕಾಲದಿಂದ ಊರು ಒಪ್ಪಿಕೊಂಡು ಬಂದ ಮಾತು. ನಾನು ಬರುವುದಕ್ಕೆ ಎರಡು ಮಳೆಗಾಲ ಮೊದಲು ನಮ್ಮ ಇಲಾಖೆ ಆ ಕೆರೆಗೆ ರೋಹು, ಕಾಟ್ಲಾ ಮರಿಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ತಂದು ಬಿಟ್ಟಿತ್ತು. ಮೂವತ್ತು ಸಾವಿರ ಮರಿ. ಅಂದಿನಿಂದ ಗಣಪತ್ ಮೀನು ಹಿಡಿಯುವಂತಿರಲಿಲ್ಲ, ಕಾಯಬೇಕಿತ್ತು. ದೊಡ್ಡ ಮೀನುಗಳನ್ನು ಒಮ್ಮೆ ಗುತ್ತಿಗೆದಾರನಿಂದ ಹಿಡಿಸಿ, ಆಮೇಲೆ ಕೆರೆಯನ್ನು ಮತ್ತೆ ಅವರ ಕೈಗೇ ಕೊಡುವುದು ಎಂದು ಮಾತಾಗಿತ್ತು. ಎರಡು ವರ್ಷ ಅವರು ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿಕೊಂಡು, ಕಣ್ಣೆದುರಿನ ಮೀನನ್ನು ಮುಟ್ಟದೆ ಕಾದರು. ಐವತ್ತು ದಾಟಿದ ಮನುಷ್ಯ. ಗಿಡ್ಡ ಮೈ, ಬಲಗೈಯ ಮಣಿಕಟ್ಟಿನ ಮೇಲೆ ಬಲೆಯ ಹಗ್ಗ ಉಜ್ಜಿ ಉಜ್ಜಿ ಬಳೆಯಂತೆ ಆದ ಗುರುತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿ ಶೇವಂತಾಬಾಯಿಯನ್ನು ಕಾಕೂ ಎನ್ನುತ್ತಿದ್ದೆ. ಮನೆಯಲ್ಲಿ ಅವರಿಬ್ಬರಲ್ಲದೆ ಗಣಪತ್ ಕಾಕಾನ ತಮ್ಮ ಇದ್ದ. ಮಾತು ಮರಾಠಿ, ನನ್ನ ಜೊತೆ ಮಾತ್ರ ಕನ್ನಡ.

ಗುತ್ತಿಗೆ ಕೊಡುವ ಮೊದಲು ಕೆರೆಯಲ್ಲಿ ಎಷ್ಟು ಮೀನು ಇವೆ ಎಂದು ಎಣಿಸಿ ವರದಿ ಕೊಡಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ನೀರಿನೊಳಗಿನ ಮೀನು ಎಣಿಸುವುದಕ್ಕೆ ಪುಸ್ತಕದಲ್ಲಿ ಒಂದು ಉಪಾಯವಿದೆ. ಇನ್ನೂರು ಮೀನು ಹಿಡಿದು ಗುರುತು ಮಾಡಿ ಬಿಡುವುದು. ಅವು ಉಳಿದವುಗಳ ಜೊತೆ ಬೆರೆಯಲಿ ಎಂದು ಒಂದು ತಿಂಗಳು ಕಾಯುವುದು. ಆಮೇಲೆ ಮತ್ತೆ ಬಲೆ ಬೀಸಿ, ಸಿಕ್ಕವುಗಳಲ್ಲಿ ಎಷ್ಟಕ್ಕೆ ಗುರುತಿದೆ ಎಂದು ನೋಡುವುದು. ಹತ್ತರಲ್ಲಿ ಒಂದಕ್ಕೆ ಗುರುತಿದ್ದರೆ ಕೆರೆಯಲ್ಲಿ ಒಟ್ಟು ಎರಡು ಸಾವಿರ ಮೀನು. ನೂರರಲ್ಲಿ ಒಂದಕ್ಕೆ ಇದ್ದರೆ ಇಪ್ಪತ್ತು ಸಾವಿರ. ಗುರುತಿನವು ಕಡಿಮೆ ಸಿಕ್ಕಷ್ಟೂ ಕೆರೆಯಲ್ಲಿ ಮೀನು ಹೆಚ್ಚು ಎಂದರ್ಥ. ನಾನು ರವಿವಾರ ಪೇಟೆಯಲ್ಲಿ ಮೀಸೆ ಕತ್ತರಿಸುವ ಸಣ್ಣ ಕತ್ತರಿ ಕೊಂಡು, ಹೊಸ ವಹಿಯ ಮೇಲೆ ಚಂದದ ಅಕ್ಷರದಲ್ಲಿ ಕೆರೆಯ ಹೆಸರು ಬರೆದು, ಸಂಕ್ರಾಂತಿ ಮುಗಿದ ಮೇಲೆ ಕೆಲಸ ಶುರು ಮಾಡಿದೆ.

ಮೀನು ದಂಡೆಗೆ ಬರುವುದು ಬೆಳಗಿನ ಮಬ್ಬಿನಲ್ಲಿ. ಬಿಸಿಲೇರಿದರೆ ಆಳಕ್ಕೆ ಇಳಿಯುತ್ತವೆ. ಹಾಗಾಗಿ ಬಲೆ ಬೀಸುವುದು ಕೋಳಿ ಕೂಗಿದ ಮೇಲೆ, ಎಂಟು ಗಂಟೆಯೊಳಗೆ. ನಾನು ಅಲ್ಲಿ ಇರಬೇಕೆಂದರೆ ರಾತ್ರಿ ಅವರ ಮನೆಯಲ್ಲೇ ಉಳಿಯಬೇಕಿತ್ತು. ಕಾಕಾ ಕರೆದರು ಕೂಡ. "ಪಡಸಾಲ್ಯಾಗ ಚಾಪಿ ಹಾಸಿ ಕೊಡ್ತೀನ್ರಿ ಸಾಹೇಬ್ರ. ನಿಮಗ ಬ್ಯಾರೆ ಗಡಗ್ಯಾಗ ಅನ್ನ ಮಾಡ್ತಾಳ್ರಿ ಇಕಿ." ನಾನು ಏನೋ ನೆಪ ಹೇಳಿ ತಪ್ಪಿಸಿಕೊಂಡೆ. ಮೀನು ಬೆಂದ ಮನೆಯಲ್ಲಿ ಮಲಗುವುದು ಹೇಗೆ? ಬೆಳಿಗ್ಗೆ ಎದ್ದು ಲಿಂಗಪೂಜೆ ಎಲ್ಲಿ ಮಾಡುವುದು? ಖಾನಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಸ್ನಾನ, ಪೂಜೆ, ಅವ್ವ ಕಟ್ಟಿ ಕೊಟ್ಟ ಚಟ್ನಿಪುಡಿಯ ಜೊತೆ ರೊಟ್ಟಿ, ಎಲ್ಲ ಮುಗಿಸಿ ಎರಡನೇ ಬಸ್ಸು ಹಿಡಿದು ನಾನು ಕೆರೆ ಮುಟ್ಟುವಾಗ ಹತ್ತು ಗಂಟೆ. ಕಾಯಕವೇ ಪೂಜೆ ಎಂದು ಮನೆಯಲ್ಲಿ ಕೇಳಿಕೊಂಡು ಬೆಳೆದವನು ನಾನು ದಿನಾ ಪೂಜೆ ಮುಗಿಸಿ ಕಾಯಕಕ್ಕೆ ತಡವಾಗಿ ಹೋಗುತ್ತಿದ್ದೆ.

ಕಾಕಾ ಬೆಳಿಗ್ಗೆ ಹಿಡಿದ ಮೀನುಗಳನ್ನು ದೊಡ್ಡ ಬಿದಿರು ಬುಟ್ಟಿಯಲ್ಲಿ ಹಾಕಿ, ಬುಟ್ಟಿಯನ್ನು ನೀರಿನಲ್ಲಿ ಅರ್ಧ ಮುಳುಗಿಸಿ ನನಗಾಗಿ ಕಾಯುತ್ತಿದ್ದರು. ನಾನು ಬಂದ ಮೇಲೆ ಅವರು ಒಂದೊಂದೇ ಮೀನನ್ನು ಒದ್ದೆ ಗೋಣಿಯಲ್ಲಿ ಹಿಡಿಯುವರು, ನಾನು ಎಡ ರೆಕ್ಕೆಯನ್ನು ಕತ್ತರಿಸುವೆ, ಅವರು ಅದನ್ನು ನೀರಿಗೆ ಬಿಡುವರು. ಮೊದಲ ದಿನ ಅವರು ನನ್ನ ಕತ್ತರಿಯನ್ನೇ ನೋಡುತ್ತ ಕೇಳಿದರು:

"ಇದ್ಯಾಕ್ರೀ ಸಾಹೇಬ್ರ?"

"ಗುರುತು ಕಾಕಾ."

"ಅಂದ್ರ ಇವು ಇನ್ನ ಸರಕಾರದ್ದು ಆದೂನ್ರಿ?"

ಬಿಡಿಸಿ ಹೇಳಬೇಕಿತ್ತು. ಎರಡು ನಿಮಿಷದ ಮಾತು. ಆದರೆ ಓದು ಬರಹ ಬಾರದವರಿಗೆ ಈ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ನನಗೆ ನಾನೇ ತೀರ್ಮಾನಿಸಿದ್ದೆ. "ಹೂಂ, ಹಂಗಂತ ತಿಳಕೋರಿ," ಎಂದೆ.

ಅವರು ಮೀನನ್ನು ಬಿಡುವ ಮೊದಲು ಹಣೆಗೆ ಮುಟ್ಟಿಸಿಕೊಂಡರು. ನಾನು ಅದನ್ನು ಕಂಡು ಒಳಗೇ ನಕ್ಕೆ. ಆ ಊರಿನಲ್ಲಿ ದೇವರಿಗೆ ಬಿಟ್ಟ ಒಂದು ಹೋತವಿತ್ತು. ಎಡಗಿವಿಯ ತುದಿಯನ್ನು ಕತ್ತರಿಸಿ ಬಿಟ್ಟಿದ್ದರು. ಕಿವಿ ಕತ್ತರಿಸಿದ್ದು ದೇವರದು. ಅದನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಮಾರುವಂತಿಲ್ಲ. ಅದು ಯಾರ ಗದ್ದೆಗೆ ನುಗ್ಗಿದರೂ ಕೈ ಮುಗಿದು ಆಚೆ ಕಳಿಸುವರು. ಒಮ್ಮೆ ನನ್ನ ಚೀಲಕ್ಕೆ ಬಾಯಿ ಹಾಕಿ ರೊಟ್ಟಿಯನ್ನೆಲ್ಲ ತಿಂದು ಹಾಕಿತು. ಶೇವಂತಾ ಕಾಕೂ, "ದೇವರ ಉಂಡಂಗಾತು ಬಿಡ್ರಿ," ಎಂದು ನಕ್ಕಿದ್ದಳು. ದಿನಾ ಆ ಹೋತವನ್ನು ನೋಡುತ್ತಿದ್ದೆ. ಅದರ ಕಿವಿಗೂ ನನ್ನ ಕತ್ತರಿಗೂ ಏನಾದರೂ ಸಂಬಂಧವಿದ್ದೀತು ಎಂದು ನನ್ನ ಬಿ.ಎಸ್ಸಿ. ತಲೆಗೆ ಹೊಳೆಯಲಿಲ್ಲ.

ಇನ್ನೂರು ಮೀನಿಗೆ ಗುರುತಾಯಿತು. ತಿಂಗಳು ಕಳೆಯಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಎರಡನೇ ಸುತ್ತು. ಈ ಸಲವೂ ಅದೇ ಎರಡನೇ ಬಸ್ಸು, ಅದೇ ಹತ್ತು ಗಂಟೆ, ಅದೇ ಬುಟ್ಟಿ. ನಾನು ಏರಿಯ ಮೇಲೆ ಕೊಡೆ ಹಿಡಿದು ಕುಳಿತು ಒಂದೊಂದೇ ಮೀನನ್ನು ಮಗುಚಿ ನೋಡುತ್ತಿದ್ದೆ. ರೆಕ್ಕೆ ಇದೆ. ಇದೆ. ಇದೆ. ಹತ್ತು ದಿನದಲ್ಲಿ ಇನ್ನೂರ ನಲವತ್ತು ಮೀನು ನೋಡಿದೆ. ಎಡ ರೆಕ್ಕೆ ಇಲ್ಲದವು ಎರಡೇ ಎರಡು. ಅವೆರಡನ್ನು ನಾನು ಎತ್ತಿ ತೋರಿಸಿದಾಗ ಕಾಕಾನ ಮುಖ ಸಣ್ಣದಾಯಿತು. "ಕಣ್ಣಿಗೆ ಬೀಳಲಿಲ್ರೀ ಸಾಹೇಬ್ರ, ಮಬ್ಬನ್ಯಾಗ ಸರಿ ಕಾಣೂದಿಲ್ಲ," ಎಂದರು. ಏನು ಹೇಳುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ನಾನು ಆಗಲೇ ವಹಿಯ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕುತ್ತಿದ್ದೆ.

ಇಪ್ಪತ್ತನಾಲ್ಕು ಸಾವಿರ.

ಬಿಟ್ಟ ಮರಿಗಳಲ್ಲಿ ಹತ್ತಕ್ಕೆ ಎಂಟು ಬದುಕಿ ದೊಡ್ಡವಾಗಿವೆ ಎಂದಾಯಿತು. ಎರಡು ಮಳೆಗಾಲ ಕೋಡಿ ಹರಿದ ಕೆರೆ. ಹಾವು, ಆಮೆ, ನೀರುಕಾಗೆ ಎಲ್ಲ ಇದ್ದ ಕೆರೆ. ಇಷ್ಟು ಮೀನು ಉಳಿಯುವುದು ಸಾಧ್ಯವಿಲ್ಲ ಎಂದು ಕಾಕಾನಂಥವರನ್ನು ಕೇಳಿದ್ದರೆ ಹೇಳುತ್ತಿದ್ದರು. ಕಲಿತ ಪಾಠವೂ ಅದನ್ನೇ ಹೇಳುತ್ತಿತ್ತು. ಆದರೆ ಆ ಸಂಖ್ಯೆ ನನಗೆ ಬಹಳ ಇಷ್ಟವಾಯಿತು. ಖಾನಾಪುರದ ಕೋಣೆಯಲ್ಲಿ ಕುಳಿತು ಮೂರು ಪ್ರತಿ ತೆಗೆದು ವರದಿ ಬರೆದೆ. ಬೆಳಗಾವಿಯ ಸಾಹೇಬರು ನನ್ನನ್ನು ಕರೆಸಿ ಬೆನ್ನು ತಟ್ಟಿದರು. "ಎಣಿಕಿ ಅಂದ್ರ ಹಿಂಗಿರಬೇಕು. ಇದನ್ನ ಬೆಂಗಳೂರಿಗೆ ಕಳಸ್ತೀನಿ," ಎಂದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಕೆಸರಾದದ್ದು ಗಣಪತ್ ಕಾಕಾನದು, ಬಾಯಿ ಮೊಸರಾದದ್ದು ನನ್ನದು.

ಊರಿಗೂ ಸುದ್ದಿ ಮುಟ್ಟಿತು. ಗುತ್ತಿಗೆದಾರ ಹಿಡಿದ ಮೀನಿನಲ್ಲಿ ಊರಿಗೂ ಒಂದು ಪಾಲು ಬರಬೇಕಿತ್ತು. ಅದರಲ್ಲಿ ಸಾಲೆಯ ಮಾಡು ರಿಪೇರಿ ಮಾಡಿಸುವುದು ಎಂದು ಹಿರಿಯರು ಮಾತಾಡಿಕೊಂಡರು. ಕಾಕಾ ಎಲ್ಲಕ್ಕಿಂತ ಹೆಚ್ಚು ಸಂತೋಷಪಟ್ಟರು. ಇಪ್ಪತ್ತನಾಲ್ಕು ಸಾವಿರ ಎಂದರೆ ಎಷ್ಟು ಎಂದು ಅವರಿಗೆ ತಿಳಿಯದು. ಆದರೆ ತಾನು ಕಾದದ್ದಕ್ಕೆ ಸರಕಾರ ಕೊಟ್ಟ ಶಾಭಾಶಿ ಅದು ಎಂದು ತಿಳಿದಿದ್ದರು. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಮೇ ತಿಂಗಳ ಕೊನೆಯ ವಾರ, ಒಂದು ಶುಕ್ರವಾರ, ಗುತ್ತಿಗೆದಾರನ ಹದಿನೈದು ಆಳುಗಳು ಎಳೆಬಲೆ ಹೊತ್ತು ಬಂದರು. ನೀರು ಅರ್ಧಕ್ಕೆ ಇಳಿದಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಸೆಕೆಗೆ ಮೈಯೆಲ್ಲ ಅಂಟು ಅಂಟು. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಆಳುಗಳು ಏರಿಯ ಕಡೆಯಿಂದ ಮಡುವಿನ ಅಂಚಿನವರೆಗೆ ಮೂರು ಸಲ ಬಲೆ ಎಳೆದರು. ಮಡುವಿನಲ್ಲಿ ಮುಳುಗಿದ ಮರಗಳಿದ್ದುದರಿಂದ ಅದಕ್ಕೆ ಬಲೆ ಇಳಿಸಲಿಲ್ಲ. ಮೂರು ಸಲಕ್ಕೂ ಸೇರಿ ಬಂದದ್ದು ಸಾವಿರದ ನೂರರ ಆಸುಪಾಸು.

ನಾನು ದಂಡೆಯಲ್ಲಿ ರಾಶಿ ಹಾಕಿದ ಮೀನುಗಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಒಂದನ್ನು ಮಗುಚಿದೆ. ಎಡ ರೆಕ್ಕೆ ಇರಲಿಲ್ಲ. ನಾಲ್ಕು ಬಿಟ್ಟು ಇನ್ನೊಂದು, ಅದಕ್ಕೂ ಇರಲಿಲ್ಲ. ಆರೇಳಕ್ಕೆ ಒಂದರಂತೆ ಕತ್ತರಿಸಿದ ರೆಕ್ಕೆಗಳು ಕಾಣತೊಡಗಿದವು. ನನ್ನ ಇನ್ನೂರು ಮೀನುಗಳಲ್ಲಿ ಹೆಚ್ಚಿನವು ಅಲ್ಲೇ ಬಾಯಿ ತೆರೆದು ಮುಚ್ಚುತ್ತ ಬಿದ್ದಿದ್ದವು. ಆಗ ಗಣಪತ್ ಕಾಕಾ ಓಡಿ ಬಂದು ನನ್ನ ತೋಳು ಹಿಡಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಸಾಹೇಬ್ರ, ನಿಲ್ಲಸ್ರಿ! ಇವು ಸರಕಾರದ ಮೀನ್ರಿ. ರೆಕ್ಕಿ ಕತ್ತರಿಸಿ ಬಿಟ್ಟಾವು. ಇವನ್ನ ಹೆಂಗ ಹಿಡೀತಾರ್ರಿ? ಹೋಳಿ ಮುಂದ ನಾ ಬಲಿ ಬೀಸಿದಾಗ ಮೂವತ್ತ ನಲವತ್ತ ಬಿದ್ದಿದ್ದೂರಿ. ಒಂದನೂ ಬುಟ್ಟಿಗೆ ಹಾಕಲಿಲ್ಲ. ಅಲ್ಲೇ ಕೈ ಮುಗದು ಬಿಟ್ಟೀನ್ರಿ. ಎರಡ ಮಾತ್ರ ನನ್ನ ಕಣ್ಣ ತಪ್ಪಿ ಬುಟ್ಟಿಗೆ ಬಂದ್ವು, ನೀವ ನೋಡೀರಿ. ಖರೇ ಹೇಳ್ತೀನ್ರಿ!"

ಎಲ್ಲ ತಿಳಿಯಿತು. ಆ ಮೂವತ್ತು ನಲವತ್ತನ್ನು ಸೇರಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೆರೆಯಲ್ಲಿ ಇದ್ದದ್ದೇ ಸಾವಿರದ ಚಿಲ್ಲರೆ ಮೀನು. ಇಪ್ಪತ್ತನಾಲ್ಕು ಸಾವಿರ ಎಂಬುದು ಎಂದೂ ಇರಲೇ ಇಲ್ಲ.

ಗುತ್ತಿಗೆದಾರ ಏರಿಯ ಮೇಲಿಂದಲೇ ಕೂಗಾಡುತ್ತ ಬಂದ. "ಎಲ್ಲಿ ಅದಾವ ಸಾಹೇಬ್ರ ನಿಮ್ಮ ಇಪ್ಪತ್ತನಾಲ್ಕ ಸಾವಿರ? ಕಾವಲಗಾರ ಬೆಳಗಾವಿ ಪ್ಯಾಟ್ಯಾಗ ಮಾರಿ ಬಂದಾನೇನು?" ಊರವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಕಾಕಾನೂ ನೋಡುತ್ತಿದ್ದರು, ಆದರೆ ಹೆದರಿಕೆಯಿಂದಲ್ಲ. ಸಾಹೇಬರು ಇದ್ದಾರೆ, ಹೇಳುತ್ತಾರೆ ಎಂಬ ಧೈರ್ಯ ಅವರ ಮುಖದಲ್ಲಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬರುವ ತಿಂಗಳು ಆಗಬೇಕಿತ್ತು. ನಾನು ಮಡುವಿನ ಕಡೆ ಕೈ ತೋರಿಸಿದೆ.

"ಬಿಸಿಲಿಗೆ ಎಲ್ಲಾ ಮಡುವಿನಾಗ ಇಳದಾವು. ಅಲ್ಲಿ ಬಲಿ ಹಾಯಲಿಲ್ಲಲ್ಲ," ಎಂದೆ.

ಆ ಗಳಿಗೆಗೆ ಅದು ಸಾಕಾಯಿತು. ಗುತ್ತಿಗೆದಾರ ಗೊಣಗುತ್ತ ಮೀನು ಹೊರಿಸಿಕೊಂಡು ಹೋದ. ನಾನು ಸಂಜೆಯ ಬಸ್ಸಿಗೆ ಹಿಂದವಾಡಿಗೆ ಹೋದೆ. ಎರಡು ದಿನ ಮನೆಯಲ್ಲಿ ಮಲಗಿದ್ದೆ; ತಲೆನೋವು ಎಂದು ಹೇಳಿದೆ. ಅಪ್ಪನಿಗೆ ಹೇಳಬೇಕೆಂದು ಎರಡು ಸಲ ಅಂಗಡಿಯವರೆಗೆ ಹೋಗಿ ಬೆಲ್ಲದ ವಾಸನೆ ಕುಡಿದು ತಿರುಗಿ ಬಂದೆ. ಸೋಮವಾರ ಗಟ್ಟಿ ಮನಸ್ಸು ಮಾಡಿ ಸಾಹೇಬರ ಎದುರಿಗೆ ನಿಂತೆ.

"ಸರ್, ಎಣಿಕಿಯೊಳಗ ಸ್ವಲ್ಪ ತಪ್ಪಾಗೇದ ಅಂತ ಅನಸ್ತದ," ಎಂದೆ.

"ಸ್ವಲ್ಪ ಹೆಚ್ಚುಕಡಿಮಿ ಇರ್ತದ ಬಿಡ್ರಿ. ಕುಂದರ್ರಿ, ಚಹಾ ಕುಡೀರಿ. ನಿಮ್ಮ ಕಾಯಂ ಆಗೂ ಕಾಗದ ನಾನಽ ಬರ್ಯಾಕತ್ತೀನಿ."

ನಾನು ಕುಳಿತೆ. ಚಹಾ ಕುಡಿದೆ. ಸ್ವಲ್ಪ ಎಂಬ ಮಾತನ್ನು ನಾನೇ ಅವರ ಬಾಯಿಗೆ ಇಟ್ಟಿದ್ದೆ. ಅದನ್ನು ತಿದ್ದಲು ಬೇಕಾದಷ್ಟು ಹೊತ್ತು ಇತ್ತು, ಕಪ್ಪಿನಲ್ಲಿ ಚಹಾ ಮುಗಿಯುವವರೆಗೂ ಇತ್ತು. ತಿದ್ದಲಿಲ್ಲ. ಹೇಡಿತನಕ್ಕೆ ದೊಡ್ಡ ಕಾರಣ ಬೇಕಿಲ್ಲ ಎಂದು ನನಗೆ ಅಂದು ಗೊತ್ತಾಯಿತು.

ಮಂಗಳವಾರ ಮತ್ತೆ ಜಾಂಬೋಟಿ. ಬಸ್ಸಿಳಿದಾಗ ಚಹಾದಂಗಡಿಯ ದಸ್ತಗೀರ್ ಚಾಚಾ ಕೈ ಸನ್ನೆ ಮಾಡಿ ಕರೆದರು. ಜಾಂಬೋಟಿಗೆ ಬರುವ ಸುದ್ದಿಯೆಲ್ಲ ಅವರ ಒಲೆಯ ಮುಂದೆಯೇ ಹಾಯುತ್ತಿತ್ತು.

"ಸಾಹೇಬ್ರ, ನಿಮ್ಮ ಗಣಪತ್‌ಗ ಐತವಾರ ಊರಾವ್ರು ಕೂಡಿ ಕೇಳ್ಯಾರಂತ, ಮೀನ ಎಲ್ಲಿ ಮಾರ್ದಿ ಅಂತ. ಕೆರೀಗೆ ಕಾಲ ಇಡಬ್ಯಾಡ, ತೂಬಿನ ಕೀಲಿ ಕೊಡು ಅಂದ್ರಂತ. ಆಂವ ಕೆರಿ ನೀರ ಕೈಯಾಗ ಹಿಡದ ಆಣಿ ಮಾಡಿದ್ರೂ ನಂಬಲಿಲ್ಲಂತ. ನಿನ್ನಿ ಇಲ್ಲಿ ಬಂದು ಕುಂತಿದ್ದ. ಚಹಾ ಕೊಟ್ಟೆ, ಕುಡೀಲಿಲ್ಲ."

"ಏನಂದ್ರು?"

"ಸಾಹೇಬ್ರು ಎಣಿಸ್ಯಾರ, ಅವ್ರ ಮಾತ ಸುಳ್ಳಾಗೂದಿಲ್ಲ, ಮೀನ ಮಡುವಿನಾಗ ಅದಾವ. ನಾಕ ತಂದ ತೋರಸಿದ್ರ ಸಾಕು, ಎಲ್ಲಾರೂ ಬಾಯಿ ಮುಚ್ತಾರ. ಇದನ್ನ ಅಂದ, ಮತ್ತ ಮತ್ತ ಇದನ್ನ."

ನಾನು ಆ ಎರಡು ಮೈಲಿ ಓಡಿದೆ. ಓಡುತ್ತ ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಕಾಕಾ, ಮಡುವಿನಾಗ ಏನೂ ಇಲ್ಲ. ತಪ್ಪು ನನ್ನದು. ಊರವರನ್ನ ಕರೀರಿ, ಎಲ್ಲರ ಮುಂದ ಹೇಳ್ತೀನಿ. ಕಾಡಿನಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ಮಳೆಯ ಮುಂಚಿನ ಬಿಗಿ. ಏರಿ ಹತ್ತಿದಾಗ ಜನ ಬಂಡೆಯ ಹತ್ತಿರ ನಿಂತಿದ್ದರು. ಶುಕ್ರವಾರ ನಿಂತಷ್ಟೇ ಜನ.

ಬೀಸುಬಲೆಯ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಬೀಸುವುದು ವಾಡಿಕೆ. ಬಲೆ ಕೈಬಿಟ್ಟು ಹೋಗಬಾರದಲ್ಲ. ಕಾಕಾ ಬೆಳಗಿನ ಮಬ್ಬಿನಲ್ಲಿ ಬಂಡೆಯ ಮೇಲೆ ನಿಂತು ಮಡುವಿಗೆ ಬಲೆ ಬೀಸಿದ್ದರು. ಬಲೆ ಮುಳುಗಿದ ಮರಕ್ಕೆ ಸಿಕ್ಕಿಕೊಂಡಿತ್ತು. ಬಿಡಿಸಲು ಇಳಿದಿದ್ದರು. ಹಗ್ಗ ಕೊಂಬೆಗೆ ಸುತ್ತಿ ಅವರನ್ನು ಮೇಲೆ ಬರಲು ಬಿಟ್ಟಿರಲಿಲ್ಲ. ಅವರ ತಮ್ಮನೇ ಇಳಿದು ಹಗ್ಗ ಕೊಯ್ದು ಹೆಣವನ್ನು ಮೇಲೆ ತಂದಿದ್ದ. ಬಲೆಯನ್ನೂ ಎಳೆದು ಹಾಕಿದ್ದರು. ಅದರಲ್ಲಿ ಒಂದು ಮೀನೂ ಇರಲಿಲ್ಲ, ಬರೀ ಕೊಳೆತ ಎಲೆ ಇತ್ತು.

ಓಡುತ್ತ ಜೋಡಿಸಿಕೊಂಡ 'ಎಲ್ಲರ ಮುಂದ ಹೇಳ್ತೀನಿ' ಎಂಬ ಮಾತನ್ನು ಆ ಜನರ ಮುಂದೆ ನಾನು ಹೇಳಲಿಲ್ಲ. ಹೆಣದ ಮುಂದೆ ಹೇಳುವುದು ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಲಾಖೆಯ ಕಡತದಲ್ಲಿ ಆಮೇಲೆ, ಕಾವಲುಗಾರನ ಕಳ್ಳತನದಿಂದ ಮೀನು ನಷ್ಟ, ಕಾವಲುಗಾರ ತೀರಿಕೊಂಡಿದ್ದಾನೆ ಎಂದು ಎರಡು ಸಾಲು ಸೇರಿದವು. ಇಪ್ಪತ್ತನಾಲ್ಕು ಸಾವಿರವನ್ನು ಯಾರೂ ಹೊಡೆದು ಹಾಕಲಿಲ್ಲ. ನಾನೂ ಹೊಡೆದು ಹಾಕಲಿಲ್ಲ. ನನ್ನ ಕಾಯಂ ಕಾಗದ ಹೇಳಿದ ತಿಂಗಳೇ ಬಂತು.

ಕಾಕಾ ಸತ್ತ ಆರನೇ ದಿನ, ಮೊದಲ ಮಳೆಯಲ್ಲಿ ತೋಯಿಸಿಕೊಂಡು ನಾನು ಅವರ ಮನೆಗೆ ಹೋದೆ. ಶೇವಂತಾ ಕಾಕೂ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಕಾಕಾನ ತಮ್ಮ ಬಾಗಿಲ ಬಳಿ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ಆ ಮನೆಯಲ್ಲಿ ನಾನು ಮೊದಲ ಸಲ ನೆಲದ ಮೇಲೆ ಕುಳಿತೆ. ಅವಳು ಕೊಟ್ಟ ನೀರು ಕುಡಿದೆ.

"ಸತ್ತ ಮ್ಯಾಲೂ ಕಳ್ಳ ಅಂತಾರ್ರಿ ಸಾಹೇಬ್ರ," ಎಂದಳು. ಅಳುತ್ತಿರಲಿಲ್ಲ. "ನನಗ ನೀವ ಒಂದ ಮಾತ ಹೇಳ್ರಿ. ಮಡುವಿನಾಗ ಮೀನ ಅದಾವಲ್ರೀ?"

ನಾನು ಅವಳ ಮುಖ ನೋಡಲಾರದೆ, "ಅದಾವ ಕಾಕೂ," ಎಂದೆ. ಸಮಾಧಾನ ಹೇಳಿದೆ ಎಂದುಕೊಂಡೆ.

ಅವಳು ಮೈದುನನ ಕಡೆ ತಿರುಗಿದಳು. "ಕೇಳಿದೆಲ್ಲಪಾ? ಸಾಹೇಬ್ರ ಹೇಳ್ಯಾರ. ನಾಳಿ ಮುಂಜಾನಿ ನೀ ಹೋಗು. ನಾಕ ಹಿಡದ ತಾ. ಊರ ಮುಂದ ಸುರಿಯೂಣು."

ಅವನು ತಲೆ ಅಲ್ಲಾಡಿಸಿ, ಬಲೆಯ ಹಗ್ಗವನ್ನು ಬಲ ಮಣಿಕಟ್ಟಿಗೆ ಸುತ್ತಿ ಉದ್ದ ನೋಡಿಕೊಂಡ.

"ಬ್ಯಾಡ!" ಎಂದೆ. ಕೂಗಿದೆನೋ ಏನೋ, ಇಬ್ಬರೂ ಬೆಚ್ಚಿದರು. "ಹೋಗಬ್ಯಾಡ. ಅಲ್ಲಿ ಮೀನ ಇಲ್ಲ ಕಾಕೂ. ಎಂದೂ ಇರಲಿಲ್ಲ. ಕಾಕಾ ಒಂದ ಮೀನನೂ ಮಾರಿಲ್ಲ. ನಾ ಎಣಿಸಿದ್ದ ತಪ್ಪು."

ಮಾಡಿನ ಮೇಲೆ ಮಳೆ ಬೀಳುತ್ತಿತ್ತು. ಅವಳು ಬೈಯಲಿ, ಏನಾದರೂ ಎತ್ತಿ ಒಗೆಯಲಿ ಎಂದು ನಾನು ಕಾದೆ. ಅವಳು ಮೆಲ್ಲಗೆ ಕೇಳಿದಳು:

"ತಪ್ಪಂತ ನಿಮಗ ಎಂದ ಗೊತ್ತಾತ್ರಿ?"

"ಎಳೆಬಲಿ ಎಳದ ದಿನ. ಇವತ್ತಿಗೆ ಹತ್ತ ದಿನ ಆತು."

ಅವಳು ಎರಡೂ ಕೈ ಎತ್ತಿ ಬೆರಳು ಬಿಡಿಸಿದಳು. ಗಂಡ ಹೋಗಿ ಎಷ್ಟು ದಿನವಾಯಿತು ಎಂದು ಒಂದೊಂದೇ ಬೆರಳು ಮಡಚಿದಳು. ಆರು ಬೆರಳು ಮಡಚಿ ಕೈ ನಿಂತಿತು. ಉಳಿದ ನಾಲ್ಕು ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು.

ಆ ನಾಲ್ಕು ದಿನ ಗಣಪತ್ ಕಾಕಾ ಬದುಕಿದ್ದರು.